ನನ್ನ ಪಿತ್ತ ಕೆರಳಿಸಿದ ಹಿತ್ತಲ ಡೆಕ್ಕು

ನಮ್ಮ ಮನೆಗೆ ಯಾವ ಕೆಲಸಕ್ಕೆ ಯಾರನ್ನು ಕರೆಸಿದರೂ ಕೊನೆಗೆ ಕಾಫಿ ಕುಡಿದು ಹೋಗುವುದು ಅವರು, ಕೆಲಸ ಉಳಿಯುವುದು ನನಗೆ. ನಲ್ಲಿ ರಿಪೇರಿಗೆ ಬಂದವನು ನಲ್ಲಿಯನ್ನು ಹಾಗೇ ಬಿಟ್ಟು ಮಿಕ್ಸಿ ಕೆಡಿಸಿ ಹೋಗಿದ್ದಾನೆ. ಬಣ್ಣ ಬಳಿಯಲು ಬಂದವನು ಕಿಟಕಿಯನ್ನೂ ಗೋಡೆಯನ್ನೂ ಒಂದೇ ಮಾಡಿ ಬಳಿದು ಹೋಗಿದ್ದಾನೆ, ಆ ಕಿಟಕಿ ಇವತ್ತಿಗೂ ತೆಗೆಯಲು ಬರುವುದಿಲ್ಲ. ಇಂಥವೆಲ್ಲ ನಮಗೇ ಯಾಕೆ ಆಗುತ್ತವೆ ಅಂತ ಯಜಮಾನರನ್ನು ಕೇಳಿದರೆ, "ಎಲ್ಲರ ಮನೇಲೂ ಆಗುತ್ತೆ ಕಣೆ, ಅವರು ಹೇಳಿಕೊಳ್ಳಲ್ಲ ಅಷ್ಟೆ" ಅನ್ನುತ್ತಾರೆ. ನಾನು ಹೇಳಿಕೊಳ್ಳುವವಳು. ಅದರಲ್ಲೂ ಈ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಿಕೊಳ್ಳದಿದ್ದರೆ ನನಗೆ ರಕ್ತದೊತ್ತಡದ ಮಾತ್ರೆ ಶುರುವಾಗುತ್ತದೆ.

ನಾವು ತುಮಕೂರಿನ ಕಡೆಯವರು. ಯಜಮಾನರಿಗೆ ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಕೆಲಸ. ಊರಾಚೆ, ಬಂಡೆಯ ಮೇಲೆ ಮನೆ ಕಟ್ಟಿಕೊಂಡಿದ್ದೇವೆ. ಬಂಡೆಯ ಮೇಲೆ ಅಂದರೆ ಮಾತಿಗೆ ಅಂದದ್ದಲ್ಲ, ಹಿತ್ತಿಲ ಬಾಗಿಲು ತೆಗೆದರೆ ಕಾಲು ಇಡುವುದೇ ಬಂಡೆಗೆ. ಏಪ್ರಿಲ್ ಬಂತೆಂದರೆ ಆ ಬಂಡೆ ಬೆಳಿಗ್ಗೆ ಒಂಬತ್ತಕ್ಕೇ ಕಾದು, ಕತ್ತಲಾದರೂ ಆರುವುದಿಲ್ಲ. ಅದರ ಜೊತೆಗೆ ಮುಚ್ಚಿಹೋದ ಚಿನ್ನದ ಗಣಿಯ ಮಣ್ಣಿನ ದಿಬ್ಬದ ಕಡೆಯಿಂದ ಬೀಸುವ ಬಿಸಿ ಧೂಳು. ಒಳಗೆ ಹಾಲ್‌ನಲ್ಲಿ ನಾನು ಹೊಲಿಗೆ ಕ್ಲಾಸು ನಡೆಸುತ್ತೇನೆ. ಮೇಲೆ ಕಾದ ತಾರಸಿ, ಕೆಳಗೆ ಸಾಲಾಗಿ ಮಿಷನ್ನು, ಹುಡುಗಿಯರ ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕಿ ಕಲೆ ಆಗುತ್ತಿತ್ತು. ಇಬ್ಬರು ಹುಡುಗಿಯರು ಫ್ಯಾನ್ ಜಾಸ್ತಿ ಇರುವ ಇನ್ನೊಂದು ಕ್ಲಾಸಿಗೆ ಸೇರಿಕೊಂಡರು.

ಅಷ್ಟರಲ್ಲಿ ಒಂದು ಶಾಲೆಯ ಹೆಡ್‌ಮಿಸ್ ತಮ್ಮ ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ ಪೂರ್ತಿ ನನಗೇ ವಹಿಸಿದರು. ಶಾಲೆ ಶುರುವಾಗುವ ಹೊತ್ತಿಗೆ ಕೊಡಬೇಕು. ತಡವಾದರೆ ಬೇರೆಯವರಿಗೆ ಕೊಡುತ್ತೇನೆ ಅಂತ ಮುಖ ನೋಡಿಯೇ ಹೇಳಿದ್ದರು. ಅವರು ನಗುವುದನ್ನು ಕೆಜಿಎಫ್‌ನಲ್ಲಿ ಯಾರೂ ನೋಡಿರಲಿಲ್ಲ. ಇಷ್ಟು ಕೆಲಸ ಆ ಹಾಲ್‌ನಲ್ಲಿ ಆಗುವ ಮಾತಲ್ಲ. ಹಿತ್ತಿಲ ಬಂಡೆಯ ಮೇಲೆ ಕಂಬ ನಿಲ್ಲಿಸಿ, ಮರದ ಹಲಗೆ ಹಾಸಿ, ಮೇಲೆ ನೆರಳು ಮಾಡಿಸಿದರೆ ಮಿಷನ್ನುಗಳನ್ನು ಅಲ್ಲಿಗೆ ಹಾಕಬಹುದು ಅನ್ನಿಸಿತು. ಅದಕ್ಕೆ ಡೆಕ್ಕು ಅನ್ನುತ್ತಾರೆ ಅಂತ ನನ್ನ ತಂಗಿ ಒಂದು ಫೋಟೋ ಕಳಿಸಿದಳು. ನನ್ನ ಗ್ರಹಚಾರ ಶುರುವಾದದ್ದು ಆ ಫೋಟೋದಿಂದ.

ಒಂದು: ಹಡಗು

ಯಾರೋ ಬಂಗಾರಪೇಟೆಯ ಒಬ್ಬ ಮೇಸ್ತ್ರಿಯ ಹೆಸರು ಹೇಳಿದರು. ಬಂದರು. ನೋಡಿ, ಮೊದಲ ದಿನ ನಾನು 'ಬಂದರು' ಅಂತಲೇ ಅಂದುಕೊಂಡದ್ದು. ಒಂದು ವಾರದೊಳಗೆ ಅದು 'ಬಂದ' ಆಯಿತು, ಆಮೇಲೆ 'ಬರಲಿಲ್ಲ' ಆಯಿತು.

ನಲವತ್ತು ದಾಟಿದ ಆಳು, ದಪ್ಪ ಮೀಸೆ, ಕಿವಿಯ ಮೇಲೆ ಪೆನ್ಸಿಲ್. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದ. ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಿದ.

"ಇದೇನಮ್ಮ, ಅಡಗಾ?"

"ಹಡಗಲ್ಲ. ಹಿಂದೆ ನೀರು ಕಾಣ್ತಿದೆಯಲ್ಲ, ಅದು ಅವರ ಮನೆ ಈಜುಕೊಳ. ನಮಗೆ ಬೇಕಾದ್ದು ಈ ಹಲಗೆ ಹಾಸಿದ ಜಾಗ ಮಾತ್ರ."

"ಓ, ಮದುವೆ ಸ್ಟೇಜು ಅನ್ನಿ. ಬೂದಿಕೋಟೆಯಿಂದ ಇಲ್ಲೀಗಂಟ ಯಾವ ಮದುವೆ ಆದ್ರೂ ಸ್ಟೇಜು ನಂದೇ. ಗಂಡು ಎಣ್ಣು ಎಲ್ಲಿ ಕುಂತ್ಕೊಳ್ತಾರೆ ಯೋಳಿ, ಅಲ್ಲಿ ಎರಡು ಕಂಬ ಜಾಸ್ತಿ ಕೊಡ್ತೀನಿ."

"ಗಂಡೂ ಇಲ್ಲ, ಹೆಣ್ಣೂ ಇಲ್ಲ. ಹೊಲಿಗೆ ಮಿಷನ್ನು ಇಡೋದು. ಎಲ್ಲರೂ ಒಟ್ಟಿಗೆ ತುಳೀತಾರೆ, ಅಲ್ಲಾಡಬಾರದು."

"ಅಲ್ಲಾಡಲ್ಲ ಬಿಡಮ್ಮ. ಓದ ತಿಂಗ್ಳು ಒಂದು ಸ್ಟೇಜ್ ಮೇಲೆ ಎರಡು ಕಡೆ ಬೀಗ್ರೂ ಒಡೆದಾಡಿದ್ರು. ಮದುವೆ ಮುರಿದೋಯ್ತು, ಸ್ಟೇಜು ಮುರೀಲಿಲ್ಲ."

ಯಜಮಾನರು ನನ್ನ ಕಡೆ ತಿರುಗಿ, "ಇದಕ್ಕಿಂತ ಗ್ಯಾರಂಟಿ ಏನು ಬೇಕು ನಿನಗೆ?" ಅಂದರು.

ಎರಡು: ಗೇಟು

ಸೋಮವಾರ ಬತ್ತೀನಿ ಅಂದಿದ್ದ. ಯಾವ ಸೋಮವಾರ ಅಂತ ಕೇಳಿಕೊಳ್ಳಬೇಕಿತ್ತು, ಕೇಳಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದರೆ, "ಒಲ್ಟೆ ಅಮ್ಮ, ದಾರೀಲಿವ್ನಿ." ಮಧ್ಯಾಹ್ನ ಮಾಡಿದರೆ, "ರೈಲ್ವೆ ಗೇಟ್ ಆಕವ್ರೆ, ಗೂಡ್ಸು ನಿಂತೈತೆ." ಸಂಜೆ ಮಾಡಿದರೆ ಫೋನು ಎತ್ತುವುದಿಲ್ಲ. ಮಾರನೆಯ ದಿನವೂ ಗೇಟು. ಅದರ ಮಾರನೆಯ ದಿನವೂ ಗೇಟು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಅಷ್ಟೊಂದು ಜನ ಇದ್ದಾರೆ, ಅವರೆಲ್ಲ ಕೆಲಸಕ್ಕೆ ಹೋಗಿ ಮನೆಗೆ ಬಂದು ಮಲಗುತ್ತಾರೆ, ನಮ್ಮ ಮೇಸ್ತ್ರಿಗೆ ಮಾತ್ರ ಹಳಿ ದಾಟಲು ಆಗುವುದಿಲ್ಲ. ಯಜಮಾನರಿಗೆ ಅವನ ಮೇಲೆ ಕನಿಕರ. "ಪಾಪ, ಬಿಸಿಲಲ್ಲಿ ನಿಂತಿರ್ತಾರೆ" ಅಂತ.

ವಾರದ ಕೊನೆಗೆ ದಾರ, ಗುಂಡಿ ತರಲು ನಾನೇ ಬಂಗಾರಪೇಟೆಗೆ ಹೋದೆ. ಅವನು ಹೇಳುತ್ತಿದ್ದ ಗೇಟಿನ ಹತ್ತಿರ ಆಟೋ ನಿಲ್ಲಿಸಿದೆ. ಗೇಟು ಆಕಾಶ ನೋಡಿಕೊಂಡು ನಿಂತಿತ್ತು. ಗೂಡ್ಸೂ ಇಲ್ಲ, ಗೂಡ್ಸಿನ ಸದ್ದೂ ಇಲ್ಲ. ಒಂದು ಎಮ್ಮೆ ಆರಾಮಾಗಿ ಹಳಿ ದಾಟುತ್ತಿತ್ತು. ಅಲ್ಲೇ ನಿಂತು ಫೋನ್ ಮಾಡಿದೆ.

"ಎಲ್ಲಿದ್ದೀರಿ ಮೇಸ್ತ್ರಿ?"

"ಗೇಟಲ್ಲೇ ಅಮ್ಮ. ಆಕ್ಬುಟ್ಟವ್ರೆ. ಏನ್ ಮಾಡ್ಲಿ ಯೋಳಿ."

"ನಾನೂ ಗೇಟಲ್ಲೇ ನಿಂತಿದ್ದೀನಿ. ಎಮ್ಮೆ ಕೂಡ ದಾಟ್ತಾ ಇದೆ. ನೀವು ಕಾಣ್ತಿಲ್ಲವಲ್ಲ."

ಬಹಳ ನಿಧಾನವಾಗಿ ಅಂದ:

"ಆ ಗೇಟಲ್ಲ ಕಣಮ್ಮ. ನಮ್ಮನೆ ಗೇಟು. ನಮ್ಮಾಕೆ ಬೀಗ ಆಕ್ಕೊಂಡು ತವರಿಗೆ ಓಗವ್ಳೆ."

ಮೂರು: ಹಸಿ ಮರ

ಆ ಬೀಗ ಹೇಗೋ ತೆಗೆಸಿಕೊಂಡು ಕೊನೆಗೂ ಒಂದು ಟೆಂಪೋದಲ್ಲಿ ಮರ ತಂದ. ಒಳ್ಳೆಯ ಒಣ ಮರ ಬೇಕು ಅಂತ ನಾನು ಬಾಯಿ ಬಿಟ್ಟು ಹೇಳಿದ್ದೆ. ಬಂದದ್ದು ನೀಲಗಿರಿ. ಕಡಿದು ಎಷ್ಟು ಹೊತ್ತಾಗಿತ್ತೋ, ಮುಟ್ಟಿದರೆ ಕೈ ಒದ್ದೆ. ಒಂದು ಹಲಗೆಯ ತುದಿಯಲ್ಲಿ ಹಸಿರು ಎಲೆ ಇನ್ನೂ ಅಂಟಿಕೊಂಡಿತ್ತು.

"ಮೇಸ್ತ್ರಿ, ಇದು ಹಸಿ."

"ಅಸಿ ಅಲ್ಲ ಅಮ್ಮ, ತಾಜಾ."

"ತಾಜಾ ಅನ್ನೋಕೆ ಇದೇನು ಬದನೆಕಾಯಾ? ಒಣಗಿಸಿ ತರಬೇಕಿತ್ತು."

"ನಾನು ಬಂಗಾರಪೇಟೇಲಿ ಒಣಗಿಸ್ಕೊಂಡು ಕೂತ್ರೆ ನಿಮ್ಮ ಇತ್ತಲಲ್ಲಿರೋ ಬಿಸ್ಲು ಏನಾಗ್ಬೇಕು? ಸುಮ್ನೆ ವೇಸ್ಟು ಆಗ್ತದೆ. ಮೊಳೆ ಒಡೆದು ಬಿಡ್ತೀನಿ, ಇದ್ದಲ್ಲೇ ಒಣಗ್ತದೆ."

ನಾನು ಆ ಎಲೆ ಕಿತ್ತು ಅವನಿಗೆ ತೋರಿಸುವಷ್ಟರಲ್ಲಿ ಅರ್ಧ ಹಲಗೆಗೆ ಮೊಳೆ ಹೊಡೆದಾಗಿತ್ತು.

ಇದ್ದಲ್ಲೇ ಒಣಗಿತು, ನಿಜ. ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಒಣಗಿತು. ಕೆಲವು ಹಲಗೆ ಮೇಲಕ್ಕೆ ಬಾಗಿದವು, ಕೆಲವು ಪಕ್ಕಕ್ಕೆ ತಿರುಗಿದವು, ಎಲ್ಲದರ ನಡುವೆಯೂ ಬೆರಳು ತೂರುವಷ್ಟು ಸಂದು. ಅವಸರಕ್ಕೆ ನಾಲ್ಕು ಮಿಷನ್ನು ಹೊರಗೆ ಹಾಕಿದೆವು. ತುಳಿಯಲು ಶುರು ಮಾಡಿದ ಕೂಡಲೇ ದಾರ ಸುತ್ತಿದ ಬಾಬಿನ್ನು ಜಾರಿ ಸಂದಿನಿಂದ ಕೆಳಗೆ. ಅದರ ಹಿಂದೆ ಟೇಪು. ಅದರ ಹಿಂದೆ ಒಬ್ಬಳ ಕಿವಿಯ ಓಲೆ. ಹೊಲಿಗೆ ಕಲಿಯಲು ಬಂದ ಹುಡುಗಿಯರು ಡೆಕ್ಕಿನ ಮೇಲೆ ಬೋರಲು ಮಲಗಿ, ದಾರಕ್ಕೆ ಅಯಸ್ಕಾಂತ ಕಟ್ಟಿ ಸಂದಿನಲ್ಲಿ ಇಳಿಬಿಟ್ಟುಕೊಂಡು ಮಧ್ಯಾಹ್ನವೆಲ್ಲ ಮೀನು ಹಿಡಿದಂತೆ ಬಾಬಿನ್ನು ಹಿಡಿದರು. ಓಲೆ ಚಿನ್ನದ್ದು, ಅಯಸ್ಕಾಂತಕ್ಕೆ ಸಿಗಲಿಲ್ಲ. ಅದಕ್ಕಾಗಿ ನಾನು ಕೆಳಗೆ ತೆವಳಬೇಕಾಯಿತು. ಈ ಊರಿನಲ್ಲಿ ಚಿನ್ನಕ್ಕಾಗಿ ನೆಲದಡಿಗೆ ಇಳಿದ ಕೊನೆಯ ಮನುಷ್ಯಳು ಬಹುಶಃ ನಾನೇ.

ಮೊಣಕೈ ತರಚಿಕೊಂಡು ಹೊರಗೆ ಬಂದು ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. ಅವನು ಸಂದಿಗೆ ಬೆರಳಿಟ್ಟು ನೋಡಿ ತಲೆಯಾಡಿಸಿದ.

"ಮಳೆಗಾಲ ಬರ್ಲಿ ಅಮ್ಮ. ಮರ ಊದ್ಕೊಂಡು ಎಲ್ಲ ಮುಚ್ಕೊಳ್ತದೆ."

"ಬೇಸಿಗೇಲಿ?"

"ಬೇಸಿಗೇಲಿ ಕೆಳಗಿಂದ ತಂಪಾಗಿ ಗಾಳಿ ಬತ್ತದೆ."

ಪಕ್ಕದಲ್ಲಿ ನಿಂತಿದ್ದ ಯಜಮಾನರು ಅಂದರು, "ನೋಡು, ಎರಡು ಕಾಲಕ್ಕೂ ಯೋಚನೆ ಮಾಡಿದ್ದಾರೆ."

ಆವತ್ತು ಅವರಿಗೆ ರಾತ್ರಿ ಮುದ್ದೆ ಬಡಿಸಿದೆ. ಸಾರು ಬಡಿಸಲಿಲ್ಲ.

ನಾಲ್ಕು: ನೆರಳು

ಇನ್ನು ಮೇಲಿನ ನೆರಳು. ಕಬ್ಬಿಣದ ಕಂಬ ನಿಲ್ಲಿಸಿ, ಶೀಟು ಹಾಕಿ, ಮೇಸ್ತ್ರಿ ಮಧ್ಯಾಹ್ನ ಹನ್ನೆರಡಕ್ಕೆ ನನ್ನನ್ನು ಕರೆದ. "ಬನ್ನಿ, ನಿಂತ್ಕೊಂಡು ನೋಡಿ." ನಿಂತೆ. ಡೆಕ್ಕಿನ ತುಂಬ ಅಚ್ಚುಕಟ್ಟಾಗಿ ನೆರಳು. ಈ ಮನುಷ್ಯ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದನಲ್ಲ ಅಂತ ಅವತ್ತು ಪಾಯಸ ಕೂಡ ಕೊಟ್ಟೆ. ಆ ಪಾಯಸ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಕ್ಲಾಸು ಶುರುವಾಗುವುದು ಮೂರಕ್ಕೆ. ಮೂರಕ್ಕೆ ಹೊರಗೆ ಬಂದರೆ ನಮ್ಮ ಡೆಕ್ಕಿನ ಮೇಲೆ ಪಡುವಣ ಬಿಸಿಲು ಹಾಲು ಉಕ್ಕಿದ ಹಾಗೆ ಹರಡಿದೆ. ಮೊಳೆಯ ತಲೆಗಳು ಕಾದು ಬರಿಗಾಲು ಇಡುವ ಹಾಗಿಲ್ಲ. ಹಾಗಾದರೆ ನೆರಳು ಎಲ್ಲಿ ಹೋಯಿತು? ಕಾಂಪೌಂಡಿನ ಆಚೆ ನೋಡಿದೆ. ಪಕ್ಕದ ಮನೆಯಾಕೆ ಮಂಚ ಹೊರಗೆ ಹಾಕಿಕೊಂಡು, ನಮ್ಮ ಶೀಟಿನ ನೆರಳಿನಲ್ಲಿ ಕಾಲು ಚಾಚಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಆಕೆ ಇಲ್ಲಿನ ಗಣಿ ಕೆಲಸಗಾರರ ಕಾಲೊನಿ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು, ನನ್ನ ಹತ್ತಿರ ಮಾತ್ರ ಕನ್ನಡ.

"ಅಕ್ಕಾ, ರೊಂಬ ಥ್ಯಾಂಕ್ಸ್ ಅಕ್ಕಾ. ಎಷ್ಟು ವರ್ಷದಿಂದ ನಮ್ಮವರಿಗೆ ಹೇಳ್ತಾ ಇದ್ದೆ ಒಂದು ಶೀಟು ಹಾಕ್ಸಿ ಅಂತ. ನೀವೇ ಹಾಕ್ಸಿಬಿಟ್ರಿ. ಇಲ್ಲಿ ಜಿಲ್ಲುನು ಇದೆ, ಬನ್ನಿ."

ಆಕೆಯ ಮೇಲೆ ಕೋಪ ಮಾಡಿಕೊಳ್ಳುವುದು ನ್ಯಾಯವಲ್ಲ. ಆದರೂ ಮಾಡಿಕೊಂಡೆ. ಒಳಗೆ ಬಂದು ಮೇಸ್ತ್ರಿಗೆ ಫೋನ್ ಮಾಡಿದೆ. ಇಷ್ಟು ದಿನದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಗೇಟು, ಎಮ್ಮೆ, ಹಸಿ ಮರ, ಓಲೆ, ಪಾಯಸ, ಯಾವುದನ್ನೂ ಬಿಡಲಿಲ್ಲ. ಉಸಿರು ತೆಗೆದುಕೊಳ್ಳಲು ನಾನು ನಿಲ್ಲಿಸಿದಾಗ ಅವನು ಬಹಳ ಮೃದುವಾಗಿ ಅಂದ:

"ಬಿಸ್ಲು ಜಾಸ್ತಿ ಆಗೈತಲ್ಲಮ್ಮ, ಎಲ್ಲಾರ್ಗೂ ಇಂಗೇ ಆಗ್ತದೆ. ಒಂದು ಲೋಟ ಮಜ್ಜಿಗೆ ಕುಡೀರಿ."

"ನನ್ನ ಮಜ್ಜಿಗೆ ವಿಷಯ ಬಿಡಿ. ನೆರಳು ಪಕ್ಕದ ಮನೇಲಿ ಬಿದ್ದಿದೆ, ಅದಕ್ಕೇನು ಹೇಳ್ತೀರಿ?"

"ಅನ್ನೆರಡು ಗಂಟೆಗೆ ಎಲ್ಲಿತ್ತು?"

"ಇಲ್ಲೇ ಇತ್ತು."

"ನಾನು ಇಡಬೇಕಾದ ಕಡೆಗೇ ಇಟ್ಟಿವ್ನಿ ಅಮ್ಮ. ಆಮೇಲೆ ಸೂರ್ಯ ಜರುಗಿದ್ರೆ ನಾನೇನ್ ಮಾಡ್ಲಿ?"

ಐದು: ಪಂಚೆ

ಶಾಲೆ ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ಯೂನಿಫಾರಂ ಅರ್ಧವೂ ಆಗಿರಲಿಲ್ಲ. ಈ ನಡುವೆ ಮೇಸ್ತ್ರಿ ಬಂದು, ಮರ ಇನ್ನು ಬಾಗುವುದಿಲ್ಲ ಅಂತ ಹೇಳಿ ಡೆಕ್ಕಿಗೆಲ್ಲ ವಾರ್ನಿಷ್ ಬಳಿದು ಹೋದ. ಅದು ಎಂಥ ವಾರ್ನಿಷ್ಷೋ, ಎಷ್ಟು ದಿನ ಕಾದರೂ ಒಣಗಲಿಲ್ಲ. ಬಿಸಿಲೇರಿದಷ್ಟೂ ಜೋನಿಬೆಲ್ಲದ ಹಾಗೆ ಅಂಟು. ಪಕ್ಕದ ಮನೆಯ ಕೋಳಿಯೊಂದು ಬಂದು ನಿಂತು, ಬಿಡಿಸಿಕೊಳ್ಳಲು ಪಟ್ಟ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೆಡ್‌ಮಿಸ್ ಬೆಳಿಗ್ಗೆಯೇ ಫೋನ್ ಮಾಡಿ, ಸಂಜೆ ತಾವೇ ಬಂದು ನೋಡುತ್ತೇನೆ, ಕೆಲಸ ತೃಪ್ತಿಯಾಗದಿದ್ದರೆ ಉಳಿದ ಬಟ್ಟೆ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಅಂದರು. ಮೇಸ್ತ್ರಿಗೆ ಫೋನ್ ಮಾಡಿ, ನೀವು ಈಗ ಬರದಿದ್ದರೆ ನಾನೇ ಬಂದು ನಿಮ್ಮ ಮನೆ ಜಗುಲಿಯ ಮೇಲೆ ಮಿಷನ್ನು ಹಾಕಿಕೊಂಡು ಕೂರುತ್ತೇನೆ ಅಂದೆ. ನನ್ನ ಧ್ವನಿಯಲ್ಲಿ ಏನು ಕೇಳಿಸಿತೋ, ಬಂದ.

ಬಂದದ್ದು ಹೇಗೆ ಅನ್ನುತ್ತೀರಿ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ, ಹಣೆಗೆ ಗಂಧ. ಬೂದಿಕೋಟೆಯಲ್ಲಿ ಯಾರದೋ ನಿಶ್ಚಿತಾರ್ಥವಂತೆ.

"ಐದು ನಿಮಿಷ ನೋಡ್ಬುಟ್ಟು ಬಸ್ಸಿಗೆ ಓಗ್ಬೇಕು. ಏನಮ್ಮ ತೊಂದ್ರೆ?"

"ವಾರ್ನಿಷ್ ಒಣಗಿಲ್ಲ."

"ಒಣಗೈತೆ."

"ಒಣಗಿಲ್ಲ ಮೇಸ್ತ್ರಿ. ಕೋಳಿ ಅಂಟ್ಕೊಂಡಿತ್ತು."

"ಕೋಳಿ ಮಾತು ಕಟ್ಕೊಂಡು ಮಾತಾಡ್ತೀರಲ್ಲ," ಅಂದವನೇ, ನಾನು ಬೇಡ ಬೇಡ ಅನ್ನುತ್ತಿದ್ದ ಹಾಗೇ, ಹೋಗಿ ಡೆಕ್ಕಿನ ನಡುಮಧ್ಯೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟ. "ನೋಡಿ. ಏನಾಯ್ತು? ಏನೂ ಆಗ್ಲಿಲ್ಲ."

ಎದ್ದೇಳಲು ಹೋದ. ಪರ್ರ್ ಅಂತ ಒಂದು ಸದ್ದು ಬಂತು. ನಾನು ಹೊಲಿಗೆಯವಳು, ಯಾವ ಬಟ್ಟೆ ಎಷ್ಟು ಹರಿದರೆ ಯಾವ ಸದ್ದು ಅಂತ ಗೊತ್ತು. ಇದು ದೊಡ್ಡ ಹರುಕು. ಮೇಸ್ತ್ರಿಗೂ ಗೊತ್ತಾಯಿತು. ಎದ್ದಷ್ಟೇ ಬೇಗ ಮತ್ತೆ ಕೂತ. ಯೂನಿಫಾರಂ ಹೊಲಿಯಲು ಬೆಳಿಗ್ಗೆಯೇ ಬಂದು ಕಿಟಕಿಯ ಹತ್ತಿರ ಗುಂಪಾಗಿದ್ದ ಹುಡುಗಿಯರನ್ನು ನಾನು ಒಳಗೆ ಗದರಿದೆ. ಒಳಗಿನಿಂದ ನಗು ಮಾತ್ರ ಬರುತ್ತಲೇ ಇತ್ತು.

"ಅಮ್ಮ, ಯಜಮಾನ್ರದ್ದು ಒಂದು ಪಂಚೆ ಇದ್ರೆ ಕೊಡಿ," ಅಂದ, ನೆಲ ನೋಡಿಕೊಂಡು.

ಒಳಗೆ ಹೋದೆ. ಬೀರುವಿನಲ್ಲಿ ಇವರ ಪಂಚೆ ಮಡಿಚಿಟ್ಟಿತ್ತು, ಕೈಗೂ ತೆಗೆದುಕೊಂಡೆ. ಆಗ ಹೊಳೆಯಿತು, ಇದನ್ನು ಕೊಟ್ಟರೆ ಇದನ್ನು ಉಟ್ಟುಕೊಂಡು ಸೀದಾ ಬೂದಿಕೋಟೆ ಬಸ್ಸು ಹತ್ತುತ್ತಾನೆ. ಪಂಚೆ ವಾಪಸ್ಸು ಇಟ್ಟೆ. ಮೇಜಿನ ಮೇಲೆ ಸ್ಕರ್ಟಿಗೆ ಅಂತ ಇಟ್ಟಿದ್ದ ಯೂನಿಫಾರಂ ಬಟ್ಟೆಯಲ್ಲಿ, ಕೆಂಪು ಮತ್ತು ನೀಲಿ ಚೌಕುಳಿಯದು, ಉಡುವಷ್ಟು ಉದ್ದದ ತುಂಡು ತಂದು ಅವನ ಮುಂದೆ ಹಾಕಿ ಮುಖ ತಿರುಗಿಸಿಕೊಂಡೆ.

"ಇದನ್ನ ಉಟ್ಕೊಂಡು ಬಸ್ ಅತ್ತಕ್ಕಾಯ್ತದೇನಮ್ಮ?"

"ಆಗಲ್ಲ. ಅದಕ್ಕೇ ಕೊಟ್ಟಿದ್ದು. ನಿಮ್ಮ ಪಂಚೆ ನಾನು ತೊಳೆದು ಹೊಲಿದು ಕೊಡ್ತೀನಿ. ಅಷ್ಟರಲ್ಲಿ ನೀವು ನನ್ನ ಡೆಕ್ಕು ಮುಗಿಸಿ. ನಿಮ್ಮದು ಎಷ್ಟು ಬೇಗ ಆದರೆ ನನ್ನದೂ ಅಷ್ಟು ಬೇಗ."

ಆ ಮನುಷ್ಯನಿಗೆ ಕೆಲಸ ಬರುವುದಿಲ್ಲ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ನನ್ನ ಕೋಪ ದುಪ್ಪಟ್ಟಾದದ್ದು ಅದಕ್ಕೇ. ಫೋನ್ ಮಾಡಿ ಕೆಲಸದವರನ್ನು ಕರೆಸಿದ. ಸೀಮೆಎಣ್ಣೆ ಬಟ್ಟೆಯಲ್ಲಿ ವಾರ್ನಿಷ್ಷು ಉಜ್ಜಿ ತೆಗೆಸಿದ. ಹಲಗೆಗಳನ್ನು ಕಿತ್ತು, ಬಾಗಿದ್ದನ್ನು ಬಿಸಾಕಿ, ಉಳಿದದ್ದನ್ನು ಒತ್ತಿ ಒತ್ತಿ ಜೋಡಿಸಿ ಹೊಡೆದ. ಪಡುವಣ ಕಡೆಗೆ ಬಿದಿರಿನ ತಟ್ಟಿ ತರಿಸಿ ಕಟ್ಟಿದ. ನೆರಳು ತವರಿನಿಂದ ವಾಪಸ್ ಬಂದ ಹೆಂಡತಿಯ ಹಾಗೆ ನಮ್ಮ ಮನೆಗೆ ಬಂದು ಕೂತಿತು. ನಾನೂ ಮೋಸ ಮಾಡಲಿಲ್ಲ. ಪಂಚೆಗೆ ಒಳಗಿಂದ ತೇಪೆ ಕೊಟ್ಟು, ಕಾಣದ ಹಾಗೆ ಹೊಲಿದು, ಇಸ್ತ್ರಿ ಮಾಡಿ ಇಟ್ಟೆ.

ಕೊನೆಯ ತಟ್ಟಿಗೆ ತಂತಿ ಬಿಗಿಯುತ್ತಿದ್ದಾಗ ಹೊರಗೆ ಆಟೋ ನಿಂತಿತು. ಹೆಡ್‌ಮಿಸ್. ನಾನು ಮುಂಬಾಗಿಲಿಗೆ ಓಡುವಷ್ಟರಲ್ಲಿ ಅವರು ಹಾಲ್ ದಾಟಿ ಹಿತ್ತಿಲ ಬಾಗಿಲಿಗೇ ಬಂದುಬಿಟ್ಟಿದ್ದರು. ಹಲಗೆ ನೋಡಿದರು. ತಂಪಾದ ನೆರಳು ನೋಡಿದರು. ಸಾಲಾಗಿ ಇಡುತ್ತಿದ್ದ ಮಿಷನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಅವರ ಕಣ್ಣು ಏಣಿಯ ಮೇಲೆ ಹೋಯಿತು. ಅಲ್ಲಿ ದಪ್ಪ ಮೀಸೆಯ, ಹಣೆಗೆ ಗಂಧ ಇಟ್ಟ, ಬಾಯಲ್ಲಿ ಮೊಳೆ ಕಚ್ಚಿಕೊಂಡ ಒಬ್ಬ ಗಂಡಸು ಅವರದೇ ಶಾಲೆಯ ಯೂನಿಫಾರಂ ಉಟ್ಟುಕೊಂಡು ನಿಂತಿದ್ದ.

ಬಟ್ಟೆ ವಾಪಸ್ ಹೋಯಿತು ಅಂತಲೇ ತಿಳಿದೆ. ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕಡೆ ತಿರುಗಿದರು.

"ಇವರು ಯಾವ ಕ್ಲಾಸು?"

ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಬಾಯಲ್ಲಿದ್ದ ಮೊಳೆ ಕೈಗೆ ತೆಗೆದುಕೊಂಡು, ಏಣಿಯ ಮೇಲಿಂದಲೇ ಬಹಳ ವಿನಯವಾಗಿ ಅಂದ:

"ಮೂರ್ನೇ ಕ್ಲಾಸಿಗೇ ಬಿಟ್ಬುಟ್ಟೆ ಮೇಡಮ್ಮು. ಈಗ ಈ ಅಮ್ಮ ಬಲವಂತ ಮಾಡಿ ಮತ್ತೆ ಸೇರಿಸವ್ರೆ."